ಚೀಲದ ತೂಕ

"ತಕ್ಕಡಿ ಎಂತಕ್ಕೆ?" ಎನ್ನುತ್ತಲೇ ಚಂದ್ರಮತಿ, ಆಫ್ರಿಕಾಕ್ಕೆ ಹೊರಟ ಮಗಳ ಚೀಲವನ್ನು ಎತ್ತಿ ತಲೆಯ ಮೇಲಿಟ್ಟುಕೊಂಡಳು. ಮೂವತ್ತು ವರ್ಷ ಕಿರಿಮಂಜೇಶ್ವರದ ಮನೆಮನೆಗೆ ಮೀನಿನ ಬುಟ್ಟಿ ಹೊತ್ತ ತಲೆ ಅದು. "ಹದ್ನೆಂಟ್ ಕಿಲೋ ಇತ್ತ್."

ದೀಕ್ಷಾ ಗಾಬರಿಯಾದಳು. ಕಿಲಿಮಂಜಾರೋ ಹತ್ತಿಸುವ ಕಂಪನಿ ಹದಿನೈದರ ಮೇಲೆ ಒಂದು ಕಿಲೋವನ್ನೂ ಒಪ್ಪುವುದಿಲ್ಲ. ಹೊರುವವರನ್ನು ದುಡಿಸಿ ಸಾಯಿಸುವುದಿಲ್ಲ, ಸಫಾರಿಯಲ್ಲಿ ಸಿಂಹಗಳ ಮೈಮೇಲೆ ಜೀಪು ನುಗ್ಗಿಸುವುದಿಲ್ಲ ಎಂದೇ ಆರು ತಿಂಗಳು ಹುಡುಕಿ ಅವರನ್ನು ಆರಿಸಿದ್ದಳು. "ಅಮ್ಮ, ನೀನ್ ತುಂಬ್ಸಿದ್ ಕುಚ್ಚಲಕ್ಕಿ, ಒಣಮೀನ್ ಎಲ್ಲ ತೆಗಿ. ಹೊರುದ್ ನಾನಲ್ಲ, ಇವ್ರ್ ಕಾಣ್," ಎಂದು ಕಂಪ್ಯೂಟರಿನಲ್ಲಿ ಚಿತ್ರ ತೋರಿಸಿದಳು.

ಯಾರದೋ ಚೀಲವನ್ನು ತಲೆಯ ಮೇಲಿಟ್ಟುಕೊಂಡು ಒಬ್ಬ ಗುಡ್ಡ ಹತ್ತುತ್ತಿದ್ದ. ಚಂದ್ರಮತಿ ಬಗ್ಗಿ ಅವನ ಕುತ್ತಿಗೆಯನ್ನೇ ತುಂಬ ಹೊತ್ತು ನೋಡಿದಳು. ಆಮೇಲೆ ಅಕ್ಕಿ ತೆಗೆದಳು, ಒಣಮೀನು ತೆಗೆದಳು. ಒಳಗೆ ಹೋಗಿ, ಇಷ್ಟು ವರ್ಷ ಬುಟ್ಟಿಗೂ ತಲೆಗೂ ನಡುವೆ ಇಟ್ಟುಕೊಳ್ಳುತ್ತಿದ್ದ ಹಳೆ ಸೀರೆಯ ಸಿಂಬೆಯನ್ನು ತಂದು ಚೀಲದ ಮೇಲ್ಗಡೆಯೇ ಇಟ್ಟಳು.

"ಬರಿ ತಲಿ ಮೇಲೇ ಹೊತ್ಕಂಡಿದ, ಪಾಪ. ಅಂವ್ನಿಗೆ ಕೊಡ್," ಎಂದಳು. "ಇದೇನ್ ಭಾರ ಇಲ್ಲೆ."