ಮುಟ್ಟಿದ್ದು ಮೊದಲೋ, ವಾಸಿಯಾಗಿದ್ದು ಮೊದಲೋ

“ಇನ್ನೊಂದು ಕೈ ತೋರಿಸು,” ಎಂದ ಯಾಜಕ, ಮಾರು ದೂರದಿಂದಲೇ. ಕುಷ್ಠವೆಂದು ಏಳು ವರ್ಷದ ಹಿಂದೆ ತಾನೇ ಊರಾಚೆ ಅಟ್ಟಿದ್ದ ಕುಂಬಾರನ ಮೈಮೇಲೆ ಈಗ ಹುಡುಕಿದರೂ ಒಂದು ಕಲೆಯಿಲ್ಲ. ವಾಸಿಯಾಗಿದೆ ಎಂಬ ಚೀಟಿಗೆ ಯಾಜಕ ಮುದ್ರೆ ಒತ್ತಿದರೆ ಕುಂಬಾರ ಮನೆ ಸೇರಬಹುದು. ಅಂಗಳದಲ್ಲಿ ಹೆಂಡತಿ ಕಾಯುತ್ತಿದ್ದಾಳೆ.

“ಯಾರು ವಾಸಿ ಮಾಡಿದ್ದು?”

“ಆ ಹೊಸ ಬೋಧಕರು ಸ್ವಾಮಿ, ಮೈ ಮುಟ್ಟಿ. ಹೋಗಿ ಯಾಜಕರಿಗೆ ಮೈ ತೋರಿಸು ಅಂತಾನೂ ಅವರೇ ಹೇಳಿದ್ರು.”

ಕಳ್ಳ ತಾನಾಗಿ ಠಾಣೆಗೆ ಬಂದ ಹಾಗಿದೆಯಲ್ಲ ಎಂದು ಯಾಜಕನಿಗೆ ಗುಮಾನಿ. “ಯಾರ ಅಪ್ಪಣೆ ಮೇಲೆ ಮಾಡಿದನಂತೆ?”

“ನಾನು ಕೇಳ್ಲಿಲ್ಲ ಸ್ವಾಮಿ. ಕಾಯಿಲೆನೂ ಕೇಳ್ಲಿಲ್ಲ, ಎದ್ದು ಹೋಯ್ತು.”

“ಅವನು ಮುಟ್ಟಿದ್ದು ಮೊದಲೋ, ನಿನಗೆ ವಾಸಿಯಾಗಿದ್ದು ಮೊದಲೋ?”

“ಮುಟ್ಟಿದ್ದೇ ಮೊದಲು.”

ಸಿಕ್ಕಿಬಿದ್ದ ಎಂದು ಯಾಜಕನ ಮುಖ ಅರಳಿತು. “ಹಾಗಾದ್ರೆ ಕುಷ್ಠ ಇದ್ದಾಗಲೇ ಮುಟ್ಟಿದಾನೆ, ಅವನಿಗೂ ಮೈಲಿಗೆ. ಇನ್ಮೇಲೆ ಅವನೂ ಊರಾಚೆ ಇರ್ಬೇಕು.”

“ಊರಾಚೆನೇ ಇದಾರೆ ಸ್ವಾಮಿ. ಊರಿಗೆ ಊರೇ ಅಲ್ಲಿಗೆ ಹೋಗಿದೆ.”

ಯಾಜಕ ಕಿಟಕಿಯಲ್ಲಿ ಇಣುಕಿದ. ದಿನಾ ಜನ ಸಾಲುಗಟ್ಟುತ್ತಿದ್ದ ಅಂಗಳದಲ್ಲಿ ಕುಂಬಾರನ ಹೆಂಡತಿಯನ್ನು ಬಿಟ್ಟರೆ ಒಂದು ನರಪಿಳ್ಳೆಯೂ ಇರಲಿಲ್ಲ. ಅವನು ಥಟ್ಟನೆ ಮುದ್ರೆ ಒತ್ತಿ, ತಾನೇ ಹತ್ತಿರ ಬಂದು ಚೀಟಿಯನ್ನು ಕುಂಬಾರನ ಕೈಗಿಟ್ಟ.

“ತಗೋಪ್ಪಾ. ನೀವಿಬ್ರಾದ್ರೂ ಊರಲ್ಲೇ ಇರಿ.”