ಎರಡನೆಯ ಲೇಖನ

ಆಸ್ಪತ್ರೆಯ ಗ್ರಂಥಪಾಲಕರು ಅಲ್ಲಿನ ವಾರ್ಡಿನಲ್ಲೇ ತೀರಿಕೊಂಡ ಸುದ್ದಿ ಬೆಳಿಗ್ಗೆ ಒಂಬತ್ತಕ್ಕೆ ಎಲ್ಲೆಡೆ ಹರಡಿತು. ಒಂಬತ್ತೂಕಾಲಿಗೆ ಹಿರಿಯ ಶಸ್ತ್ರವೈದ್ಯರು ಕಣ್ಣೊರೆಸಿಕೊಳ್ಳುತ್ತಲೇ ಗ್ರಂಥಾಲಯಕ್ಕೆ ಬಂದು, ವೈದ್ಯಕೀಯ ಜರ್ನಲ್ ಒಂದನ್ನು ಕಂಕುಳಲ್ಲಿಟ್ಟುಕೊಂಡು ಜೆರಾಕ್ಸ್ ಯಂತ್ರದ ಮುಂದೆ ನಿಂತರು.

“ಸರ್, ಆ ಸಂಚಿಕೆಯಿಂದ ನಿಮಗೆ ಒಂದು ಲೇಖನ ಆಗಲೇ ಜೆರಾಕ್ಸ್ ಮಾಡಿ ಕೊಟ್ಟಾಗಿದೆ, ಪುಕ್ಕಟೆ ಅಂದ್ರೆ ಒಂದೇ,” ಎಂದಳು ಸಹಾಯಕಿ. “ಎರಡನೇದಕ್ಕೆ ಪ್ರಕಾಶಕರಿಗೆ ಕಾಪಿರೈಟ್ ಶುಲ್ಕ ಕಟ್ಟಬೇಕು. ಈ ವರ್ಷದ ಹಣ ಮುಗಿದಿದೆ. ಕದ್ದು ಮಾಡಿ ಸಿಕ್ಕಿಬಿದ್ರೆ ನಮಗೆ ಜರ್ನಲ್ ಬರೋದೇ ನಿಂತುಹೋಗುತ್ತೆ.”

“ಇಪ್ಪತ್ತು ವರ್ಷದಿಂದ ಅವರ ಬಾಯಲ್ಲಿ ಇದೇ ಪಾಠ ಕೇಳಿದೀನಿ ಕಣಮ್ಮ. ನಾಳೆ ಒಂದು ಮಗುವಿನ ಹೃದಯಕ್ಕೆ ಕೈ ಹಾಕಬೇಕು, ನಂಗಿದು ಬೇಕೇ ಬೇಕು. ತಡೆಯೋರು ಈಗಿಲ್ಲವಲ್ಲ,” ಎಂದು ಅವರು ಯಂತ್ರದ ಮುಚ್ಚಳ ಎತ್ತಿದರು.

ಮುಚ್ಚಳದ ಒಳಗೆ ಒಂದು ಚೀಟಿ ಅಂಟಿತ್ತು. ಹೋದ ವಾರ ರೋಗಿಯಾಗಿ ವಾರ್ಡಿಗೆ ಸೇರುವ ಹಿಂದಿನ ದಿನ ಗ್ರಂಥಪಾಲಕರು ತಮ್ಮ ದುಂಡಕ್ಷರದಲ್ಲಿ ಬರೆದದ್ದು: ‘ಡಾಕ್ಟ್ರೇ, ನೀವೇ ಅಂತ ಗೊತ್ತು. ಇಲ್ಲೇ ಕೂತು ಓದೋದಕ್ಕೆ ಶುಲ್ಕ ಇಲ್ಲ. ನಿಮ್ಮ ಸೊಂಟನೋವಿಗೆ ಅಂತ ಕಿಟಕಿ ಪಕ್ಕದ ಕುರ್ಚಿಗೆ ದಿಂಬು ಹಾಕಿಸಿದ್ದೇನೆ.’

ವೈದ್ಯರು ಮುಚ್ಚಳವನ್ನು ಮೆಲ್ಲಗೆ ಇಳಿಸಿದರು. ದಿಂಬಿಗೆ ಒರಗಿ ಕುಳಿತು, ಜರ್ನಲ್ ತೆರೆದು, ಸಹಾಯಕಿಯಿಂದ ಪೆನ್ಸಿಲ್ ಕೇಳಿ ಪಡೆದರು. ಕಣ್ಣು ಮಂಜಾಗಿ ಮೊದಲ ಸಾಲನ್ನೇ ಮೂರು ಸಲ ಓದಬೇಕಾಯಿತು. ಕೊನೆಗೆ ಪೆನ್ಸಿಲ್ ಕೆಳಗಿಟ್ಟು ಕೈಮುಗಿದರು.

“ದೇವರೇ, ಆ ಜೀವಕ್ಕೆ ಶಾಂತಿ ಕೊಡು. ಅಲ್ಲಾದರೂ ನನ್ನಂಥವರು ಯಾರೂ ಅವರ ತಲೆ ತಿನ್ನದೆ ಇರಲಿ.”