ಬೆಂಕಿಗೂ ಕರೆಂಟು

ರೊದೋಪಿ ಬೆಟ್ಟದ ಮೇಲೆ ಹಿಮ ಸುರಿದು ಕರೆಂಟಿನ ತಂತಿ ಹರಿದದ್ದೇ ತಡ, ಪುರಸಭೆ ಕೊಟ್ಟ ಹೊಸ ಒಲೆ ಕುಂಯ್ ಎಂದು ಆರಿಹೋಯಿತು. ಮರದ ಪುಡಿ ಒತ್ತಿ ಮಾಡಿದ ಗುಳಿಗೆಗಳ ಚೀಲಗಳೇನೋ ಮೂಲೆಯಲ್ಲಿ ಎದೆಮಟ್ಟ ಇದ್ದವು. ಆದರೆ ಗುಳಿಗೆಯನ್ನು ಬೆಂಕಿಗೆ ತಳ್ಳಲು ಮೋಟಾರು ತಿರುಗಬೇಕು, ಮೋಟಾರಿಗೆ ಕರೆಂಟು ಬೇಕು. ಇದ್ಯಾವ ಸೀಮೆ ಒಲೆ ಎಂದು ಝ್ಲಾತ್ಕಾ ಅದಕ್ಕೊಂದು ಒದೆ ಕೊಟ್ಟಳು.

ಮಂಚದ ಮೇಲೆ ಮಗಳು ರೊಸಿತ್ಸಾ, ಅವಳ ಎದೆಗವಚಿಕೊಂಡು ಹತ್ತು ದಿನದ ಕೂಸು. ಕೂಸಿನ ಮೂಗು ಆಗಲೇ ತಣ್ಣಗಾಗಿತ್ತು.

"ಎಲ್ಲಿಗಾದ್ರೂ ಹೋಗೋಣ್ವಾ ಅಮ್ಮಾ?"

"ಬಾಯ್ಮುಚ್ಚು. ನಲವತ್ತು ದಿನ ತುಂಬೋವರೆಗೂ ಬಾಣಂತಿ ಹೊಸಿಲು ದಾಟೋ ಹಾಗಿಲ್ಲ. ನನ್ನ ಹಳೇ ಒಲೆ ತರ್ತೀನಿ, ಇರು."

ಹೊಸದು ಬೇಕಾದರೆ ಸೌದೆ ಒಲೆ ಒಪ್ಪಿಸಲೇಬೇಕು ಎಂದು ಪುರಸಭೆಯ ಅಧಿಕಾರಿ ಕಮೆನ್ ಅದನ್ನು ಹೇರಿಕೊಂಡು ಹೋಗಿದ್ದ. ನಿಮ್ಮ ಹೊಗೆಗೆ ಊರೇ ಕೆಮ್ಮುತ್ತಿದೆ ಎಂದು ಭಾಷಣವನ್ನೂ ಬಿಗಿದಿದ್ದ. ಈ ರೊಸಿತ್ಸಾ ಹುಟ್ಟಿದಾಗ ಅವಳ ಬಟ್ಟೆ ಒಣಗಿದ್ದು ಆ ಒಲೆಯ ಕಂಬಿಯ ಮೇಲೆ. ಝ್ಲಾತ್ಕಾ ಜಾರುಬಂಡಿ ಎಳೆದುಕೊಂಡು ಹೊರಟಳು.

ಪುರಸಭೆಯ ಕಿಟಕಿಯಿಂದ ಕೊಳವೆಯೊಂದು ಹೊರಗೆ ಬಂದು ಬುಸುಬುಸು ಹೊಗೆ ಬಿಡುತ್ತಿತ್ತು. ಒಳಗೆ ಕಮೆನ್ ಅಂಗಿಯ ತೋಳು ಮಡಚಿ ಕೂತಿದ್ದ. ಎದುರಿಗೆ ಧಗಧಗ ಉರಿಯುವ ಒಲೆ, ಮೇಲೆ ಕೊತಕೊತ ಕುದಿಯುವ ಕಾಳಿನ ಗಡಿಗೆ. ಒಲೆಯ ಮೂಲೆಯಲ್ಲಿ ಬಣ್ಣ ಚಕ್ಕೆ ಎದ್ದಿತ್ತು. ಬಾಣಲೆ ಬೀಳಿಸಿ ಅದನ್ನು ಎಬ್ಬಿಸಿದವಳು ಝ್ಲಾತ್ಕಾಳೇ.

"ಇದು ನನ್ನ ಒಲೆ ಕಣೋ! ಗುಜರಿಗೆ ಹಾಕ್ತೀನಿ ಅಂದಿದ್ದೆಯಲ್ಲೋ?"

"ಈಗ ಅದು ಪುರಸಭೆ ಆಸ್ತಿ, ಚಿಕ್ಕಮ್ಮ. ಕರೆಂಟಿಲ್ದೆ ಕಚೇರಿಯೋರು ಚಳೀಲಿ ಸಾಯ್ಬೇಕಾ?"

"ನಿನ್ನ ಹೊಗೆಗೆ ಊರು ಕೆಮ್ಮಲ್ವಾ?"

"ಕಾನೂನು ಕಾನೂನೇ ಚಿಕ್ಕಮ್ಮ. ಬಾಗಿಲು ಹಾಕ್ಕೊಂಡು ಹೋಗಿ, ಶಾಖ ಹೋಗತ್ತೆ."

ಝ್ಲಾತ್ಕಾಳಿಗೆ ಮೈಯೆಲ್ಲ ಉರಿದುಹೋಯಿತು. ಬಾಗಿಲನ್ನು ಹಾರುಹೊಡೆದು ಹೊರಟುಹೋದಳು.

ಕಾಳು ಬೇಯುವಷ್ಟರಲ್ಲಿ ಅದೇ ಬಾಗಿಲು ಮತ್ತೆ ತೆರೆಯಿತು. ರಜಾಯಿ ಸುತ್ತಿಕೊಂಡ ಬಾಣಂತಿ, ರಜಾಯಿಯೊಳಗೆ ಕೂಸು, ಹಿಂದೆ ಏದುಸಿರು ಬಿಡುವ ಝ್ಲಾತ್ಕಾ. ಕಮೆನ್ ದಡಬಡಿಸಿ ಎದ್ದ. "ಅಯ್ಯೋ, ಬಾಣಂತೀನ ಹೊರಗೆ ಕರ್ಕೊಂಡು ಬಂದ್ರಾ? ಇನ್ನೂ ನಲವತ್ತು ಆಗಿಲ್ಲ!"

ಝ್ಲಾತ್ಕಾ ಅವನ ಕುರ್ಚಿಯನ್ನೇ ಒಲೆಯ ಹತ್ತಿರ ಎಳೆದು ಮಗಳನ್ನು ಕೂರಿಸಿದಳು. ಕಾಳಿನ ಗಡಿಗೆ ಇಳಿಸಿ, ಕೂಸಿನ ಒದ್ದೆ ಬಟ್ಟೆಗಳನ್ನು ಒಂದೊಂದಾಗಿ ಕಂಬಿಯ ಮೇಲೆ ಹರವಿದಳು.

"ಇನ್ನು ಮೂವತ್ತು ದಿನ ಬಾಕಿ ಇದೆ. ನಿಂಗೆ ಇಲ್ಲಿ ಇಕ್ಕಟ್ಟಾದ್ರೆ ನಮ್ಮನೆಗೆ ಹೋಗಿ ಕೂತ್ಕೋ. ಗುಳಿಗೆ ಚೀಲ ಎದೆಮಟ್ಟ ಇದೆ."